ಪರೀಕ್ಷೆಯ ಕಾಲದಲ್ಲಿ ಧ್ಯಾನ

ವಿದ್ಯಾರ್ಥಿಯಾದವನಿಗೆ ಪರೀಕ್ಷೆಯ ಭಯ ಹೊಸದಲ್ಲ. ಹತ್ತು ಸಲ ಓದಿದ ಪಾಠವೂ ಪ್ರಶ್ನಪತ್ರಿಕೆ ಕೈಗೆ ಬಂದೊಡನೆ ಮರೆತಂತಾಗುತ್ತದೆ. ಅಂಗೈ ಬೆವರುತ್ತದೆ, ಎದೆ ಡವಡವನೆ ಹೊಡೆದುಕೊಳ್ಳುತ್ತದೆ. ಇದು ಹೇಡಿತನವಲ್ಲ, ದೇಹಧರ್ಮ. ಆಪತ್ತು ಎದುರಾದಾಗ ಪ್ರಾಣಿಯು ಹೋರಾಡಬೇಕು, ಇಲ್ಲವೇ ಓಡಬೇಕು. ಅದಕ್ಕೆಂದೇ ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಸೇರಿಸುತ್ತವೆ. ನಾಡಿ ಚುರುಕಾಗುತ್ತದೆ, ಉಸಿರಾಟದ ವೇಗ ಹೆಚ್ಚುತ್ತದೆ. ಹುಲಿಯ ಬಾಯಿಂದ ಪಾರುಮಾಡುವ ಈ ಏರ್ಪಾಡು ಪರೀಕ್ಷಾಮಂದಿರದಲ್ಲಿ ಅತಿಯಾದರೆ ತೊಡಕೇ ಸರಿ. ಅಲ್ಲಿ ಓಡುವಂತಿಲ್ಲ, ಮೂರು ಗಂಟೆ ಕುಳಿತು ಬರೆಯಬೇಕು!

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಎಂಟು ನೂರು ವರ್ಷಗಳ ಇತಿಹಾಸವಿದೆ. ನ್ಯೂಟನ್ ಕಲಿತ, ಶ್ರೀನಿವಾಸ ರಾಮಾನುಜನ್ ಗಣಿತ ಸಾಧನೆಗೈದ ಆ ವಿದ್ಯಾಕೇಂದ್ರದಲ್ಲಿ ಮೇ, ಜೂನ್ ತಿಂಗಳುಗಳು ಪರೀಕ್ಷೆಗಳ ಕಾಲ. ಎಂತಹ ಬುದ್ಧಿವಂತರಿಗೂ ಆಗ ನಿದ್ದೆ ದೂರ. ಧ್ಯಾನದಿಂದ ಇವರಿಗೆ ನೆರವಾದೀತೇ ಎಂದು ತಿಳಿಯಲು 2015–16ರಲ್ಲಿ ಅಲ್ಲಿ ಒಂದು ಪ್ರಯೋಗ ನಡೆಯಿತು. ತಾವಾಗಿ ಮುಂದೆ ಬಂದ 616 ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ಎಂಟು ವಾರಗಳ ಕಾಲ ವಾರಕ್ಕೊಂದು ಧ್ಯಾನದ ತರಗತಿ. ಇನ್ನೊಂದು ಗುಂಪಿಗೆ ವಿಶ್ವವಿದ್ಯಾನಿಲಯದಲ್ಲಿ ಎಲ್ಲರಿಗೂ ದೊರೆಯುವ ಆಪ್ತಸಲಹೆಯ ಸೌಲಭ್ಯ ಮಾತ್ರ.

ಕಲಿಸಿದ ಧ್ಯಾನ ಗಹನವಾದುದೇನಲ್ಲ. ಬೆನ್ನು ನೆಟ್ಟಗಿರಿಸಿ ಕುಳಿತು ಉಸಿರು ಬಂದುಹೋಗುವುದನ್ನು ಗಮನಿಸಬೇಕು. ಗಳಿಗೆಯೊಳಗೆ ಮನಸ್ಸು ನಾಳೆಯ ಪರೀಕ್ಷೆಗೋ ನಿನ್ನೆಯ ಜಗಳಕ್ಕೋ ಹಾರಿಬಿಡುತ್ತದೆ. ಹಾರಿದ್ದು ಅರಿವಿಗೆ ಬಂದಾಗ ತನ್ನನ್ನು ತಾನೇ ಹಳಿದುಕೊಳ್ಳದೆ, ಮೆಲ್ಲನೆ ಅದನ್ನು ಮತ್ತೆ ಉಸಿರಿನ ಬಳಿಗೆ ಕರೆತರಬೇಕು. ಮನಸ್ಸು ಚಲಿಸಿದರೆ ಧ್ಯಾನ ಕೆಟ್ಟಿತೆಂದು ಬಗೆಯುವವರೇ ಹೆಚ್ಚು. ವಾಸ್ತವವಾಗಿ, ಹೀಗೆ ಕರೆತರುವುದೇ ಅಭ್ಯಾಸದ ತಿರುಳು. ನಿಡಿದಾಗಿ ಉಸಿರು ಬಿಡುವಾಗ ಹೃದಯದ ಬಡಿತವೂ ತುಸು ನಿಧಾನವಾಗುತ್ತದೆ. ಭಾರತದ ಬೌದ್ಧ ಭಿಕ್ಷುಗಳಿಗೆ ಈ ಕ್ರಮ ಎಂದಿನಿಂದಲೋ ಪರಿಚಿತ. 1979ರಲ್ಲಿ ಅಮೆರಿಕದ ಜಾನ್ ಕಬಟ್-ಜಿನ್ ಎಂಬವರು ಅದನ್ನು ರೋಗಿಗಳಿಗೆ ಕಲಿಸತೊಡಗಿದರು. ಆಸ್ಪತ್ರೆಯಿಂದ ಅದು ಕಾಲೇಜುಗಳಿಗೂ ಬಂದಿತು.

ಕೇಂಬ್ರಿಜ್ಜಿನಲ್ಲಿ ಪರೀಕ್ಷೆಯ ದಿನಗಳು ಬಂದವು. ವಿದ್ಯಾರ್ಥಿಗಳ ಮನಃಸ್ಥಿತಿಯನ್ನು ಪ್ರಶ್ನಾವಳಿಯ ಮೂಲಕ ಅಳೆಯಲಾಯಿತು. ಧ್ಯಾನ ಕಲಿಯದವರಲ್ಲಿ ನೂರಕ್ಕೆ 57 ಮಂದಿ ಕಳವಳಪಡಬೇಕಾದಷ್ಟು ಸಂಕಟದಲ್ಲಿದ್ದರು. ಕಲಿತವರಲ್ಲಿ ಅಂಥವರು 37 ಮಂದಿ. ಅಂತರ ಸಣ್ಣದಲ್ಲ. ಆದರೆ ಆ 37 ಮಂದಿಯನ್ನೂ ಮರೆಯಲಾಗದು. ಧ್ಯಾನದಿಂದ ಅಂಕಗಳು ಹೆಚ್ಚುತ್ತವೆಂದೂ ಈ ಪ್ರಯೋಗ ಸಾಧಿಸಿ ತೋರಿಸಲಿಲ್ಲ. ಓದಬೇಕಾದುದನ್ನು ಓದಲೇಬೇಕಷ್ಟೆ!

ಹಾಗಾದರೆ ಶಾಲೆಯ ಮಕ್ಕಳೆಲ್ಲರಿಗೂ ಇದನ್ನು ಕಲಿಸಬಾರದೇಕೆ? ಬ್ರಿಟನ್ನಿನಲ್ಲಿ ಅದನ್ನೂ ಮಾಡಿ ನೋಡಿದರು. 85 ಶಾಲೆಗಳ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳು ಭಾಗವಹಿಸಿದ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಧ್ಯಾನ ಕಲಿತ ಮಕ್ಕಳಿಗೂ ಉಳಿದವರಿಗೂ ಮಾನಸಿಕ ಆರೋಗ್ಯದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಕೇಂಬ್ರಿಜ್ಜಿನವರು ಬೇಕೆಂದು ಬಂದವರು. ಈ ಮಕ್ಕಳಿಗೋ ಅದು ವೇಳಾಪಟ್ಟಿಯಲ್ಲಿ ಸೇರಿದ ಇನ್ನೊಂದು ಪಾಠ. ಮನೆಯಲ್ಲಿ ಅದನ್ನು ಅಭ್ಯಾಸ ಮಾಡಿದವರು ತೀರ ಕಡಿಮೆ.