ಪಾಠ ಹೇಳೋಕೆ ಇಷ್ಟು ಓದಬೇಕಿತ್ತಾ?



ಮೊನ್ನೆ ಗೃಹಪ್ರವೇಶದ ಪಂಕ್ತಿಯಲ್ಲಿ ಕೂತು ನೀನಂದ ಮಾತು ಇನ್ನೂ ಕಿವಿಯಲ್ಲಿದೆ: “ಪಾಠ ಹೇಳೋಕೆ ಇಷ್ಟು ಓದಬೇಕಿತ್ತಾ ದೊಡ್ಡಪ್ಪ?” ಎಲ್ಲರೂ ನಕ್ಕರು. ಬಾಯಲ್ಲಿ ಹೋಳಿಗೆ ಇತ್ತು, ನಾನೂ ನಕ್ಕೆ. ಸಿಟ್ಟು ಬಂದದ್ದು ಮನೆಗೆ ಬಂದ ಮೇಲೆ. ಫೋನಿನಲ್ಲಿ ಹೇಳಿದರೆ ಹ್ಞೂಂ ಹ್ಞೂಂ ಅಂತ ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ. ಪತ್ರಿಕೆಗೆ ಯಾಕೆ ಕೊಟ್ಟಿರಿ ಅಂತ ಮುನಿಸಿಕೊಳ್ಳಬೇಡ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದಲ್ಲಿ ನಿನ್ನಂಥ ಎಂ.ಟೆಕ್. ಮಕ್ಕಳು ಈಗ ಬೀದಿಗೊಬ್ಬರಿದ್ದಾರೆ, ಅವರೂ ಓದಲಿ.

ಕಂಪನಿಯಿಂದ ಕೆಲಸದ ಕಾಗದ ಬಂತು, ಕಾಲೇಜಿನ ಪಾಠ ಬಿಡ್ತೀನಿ ಅಂತಿದ್ದೀಯ. ಇರು ಅಂತಲೂ ಹೇಳೋದಿಲ್ಲ, ಹೋಗು ಅಂತಲೂ ಹೇಳೋದಿಲ್ಲ. ನಿನ್ನ ಸಾಲದ ಕಂತು ಎಷ್ಟು, ಕಾಲೇಜಿನವರು ಕೊಡೋದು ಎಷ್ಟು, ಎರಡೂ ನನಗೆ ಗೊತ್ತು. ತೂಗಿ ನೋಡು ಅಂತಲೇ ಬರೆಯಲು ಕೂತದ್ದು. ತಕ್ಕಡಿ ನನ್ನ ಕೈಲಿದ್ದರೆ ಯಾವ ಕಡೆ ವಾಲುತ್ತೆ ಅನ್ನೋದು ಬೇರೆ ಮಾತು.

ರೊದ್ದಂ ನರಸಿಂಹ ಅಂತ ಒಬ್ಬರು ಮೇಷ್ಟ್ರಿದ್ದರು, ಗೊತ್ತಾ? ನೀನು ಓದಿದ ವಿಷಯದಲ್ಲಿ ಜಗತ್ತೇ ಬಲ್ಲ ಹೆಸರು. ಅವರ ಹೆಸರಿನಲ್ಲಿರುವ ರೊದ್ದವೇನೂ ದೂರದ ಊರಲ್ಲ. ಪಾವಗಡದಿಂದ ಪೆನುಕೊಂಡೆ ಕಡೆ ಹೊರಟರೆ ಸಿಗುತ್ತೆ. ನಮ್ಮ ಜಯಮಂಗಲಿ ದೇವರಾಯನದುರ್ಗದಲ್ಲಿ ಹುಟ್ಟಿ, ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಉತ್ತರ ಪಿನಾಕಿನಿಗೆ ಸೇರುತ್ತಾಳಲ್ಲ, ಆ ಪಿನಾಕಿನಿ ರೊದ್ದದ ಕಡೆಯಿಂದಲೇ ನಾಗಲಮಡಿಕೆಗೆ ಬರೋದು. ನೀರು ಬಂದರೆ! ನರಸಿಂಹ ಹುಟ್ಟಿದ್ದು ಮಾತ್ರ ಬೆಂಗಳೂರಿನಲ್ಲಿ, 1933ರಲ್ಲಿ. ತಂದೆ ಆರ್.ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು, ಕನ್ನಡದಲ್ಲಿ ವಿಜ್ಞಾನ ಬರೆದವರು. ಅವರ ‘ಜಗತ್ತುಗಳ ಹುಟ್ಟು ಸಾವು’ ನಮ್ಮ ಹೈಸ್ಕೂಲಿನ ಬೀರುವಿನಲ್ಲಿತ್ತು. ರಟ್ಟು ಕಿತ್ತುಹೋಗಿತ್ತು. ನಕ್ಷತ್ರವೂ ಸಾಯುತ್ತೆ ಅಂತ ನನಗೆ ಮೊದಲು ತಿಳಿದದ್ದು ಅದರಿಂದ.

ಮಗ ಇಂಜಿನಿಯರಿಂಗ್ ಮುಗಿಸಿದ್ದು 1953ರಲ್ಲಿ, ಕೆ.ಆರ್. ವೃತ್ತದ ಆ ಹಳೇ ಕಾಲೇಜಿನಲ್ಲಿ. ರೈಲ್ವೆಯೋ ಬರ್ಮಾ ಶೆಲ್ಲೋ ಸೇರಿಕೋ ಅಂತ ಮನೆಯವರ ಆಸೆ. ಆ ಕಾಲದ ಬರ್ಮಾ ಶೆಲ್ ಅಂದರೆ ನಿನಗೀಗ ಕಾಗದ ಕಳಿಸಿರುವ ಕಂಪನಿ ಅಂತ ತಿಳಿ. ಆದರೆ ಹುಡುಗನ ಕಣ್ಣು ಟಾಟಾ ಇನ್‌ಸ್ಟಿಟ್ಯೂಟಿನ (ನೀವು ಐಐಎಸ್‌ಸಿ ಅನ್ನೋದು) ಅಂಗಳದಲ್ಲಿ ನಿಂತಿದ್ದ ಸ್ಪಿಟ್‌ಫೈರ್ ಯುದ್ಧವಿಮಾನದ ಮೇಲೆ ಬಿದ್ದಿತ್ತು. ಅಲ್ಲೇ ಸೇರಿ ಸತೀಶ್ ಧವನ್ ಅವರ ಮೊದಮೊದಲ ಶಿಷ್ಯರಲ್ಲೊಬ್ಬರಾದರು. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ 1961ರಲ್ಲಿ ಪಿಎಚ್.ಡಿ. ಆಯಿತು. ಅಲ್ಲೇ ಉಳಿಯಬಹುದಿತ್ತು. 1962ರಲ್ಲಿ ಬೆಂಗಳೂರಿಗೆ ಬಂದು ಅದೇ ಸಂಸ್ಥೆಯಲ್ಲಿ ಪಾಠಕ್ಕೆ ನಿಂತರು. ಆಮೇಲೆ ಎನ್‌ಎಎಲ್ ನಿರ್ದೇಶಕರಾದದ್ದು, ಪದ್ಮವಿಭೂಷಣ ಬಂದದ್ದು ನಿನ್ನ ಮೊಬೈಲೇ ಹೇಳುತ್ತೆ, ಬಿಡು.

ನನ್ನನ್ನು ಹಿಡಿದದ್ದು ಬೇರೆ ಒಂದು ಸಂಗತಿ. ಚಿಕ್ಕವನಿದ್ದಾಗ ತಾತನ ಜೊತೆ ಕಡ್ಲೆಕಾಯಿ ಹೊಲ ಕಾಯಲು ಹೋಗುತ್ತಿದ್ದೆ. ಕಿತ್ತ ಹೊಲ, ಬರೀ ನೆಲ, ಮೋಡವಿಲ್ಲದ ಮಾಗಿ ರಾತ್ರಿ. “ನೆಲಕ್ಕೆ ಅಂಟಿಕೊಂಡು ಮಲಗೋ, ಚಳಿ ಇರೋದು ಮೊಣಕಾಲೆತ್ತರದಲ್ಲಿ” ಅನ್ನೋರು ತಾತ. ನಾನು ಇಂಜಿನಿಯರಾಗಿ ಮೂರು ವರ್ಷ ಪಾಠ ಮಾಡಿದೆನಲ್ಲ, ಆಗ ಹುಡುಗರಿಗೆ ಹೇಳಿದ್ದು ತದ್ವಿರುದ್ಧ: ರಾತ್ರಿ ನೆಲವೇ ಎಲ್ಲಕ್ಕಿಂತ ತಣ್ಣಗೆ, ಮೇಲೆ ಹೋದಷ್ಟೂ ಬೆಚ್ಚಗೆ. ಪುಸ್ತಕದಲ್ಲಿ ಹಾಗೇ ಇತ್ತು. ಎಷ್ಟೋ ವರ್ಷದ ಮೇಲೆ ಓದಿದೆ. ಎಲ್.ಎ. ರಾಮದಾಸ್ ಅನ್ನೋರು 1932ರಲ್ಲೇ ಅಳೆದು ತೋರಿಸಿದ್ದರಂತೆ, ಗಾಳಿಯಿಲ್ಲದ ತಿಳಿ ರಾತ್ರಿ ಅತಿ ತಣ್ಣನೆಯ ಗಾಳಿ ನೆಲದಲ್ಲಿಲ್ಲ, ಗೇಣೋ ಮೊಳವೋ ಮೇಲಿದೆ ಅಂತ. ಯಾರೂ ಸುಲಭಕ್ಕೆ ನಂಬಲಿಲ್ಲ. ಅದು ಯಾಕೆ ಹಾಗೆ ಅಂತ ಲೆಕ್ಕ ಹಾಕಿ, 1993ರಲ್ಲಿ ನರಸಿಂಹ ಮತ್ತು ಜೊತೆಗಾರರು ವಿವರಣೆ ಕೊಟ್ಟರು. ಮುಂದೆ ಅದೇ ಬೆಂಗಳೂರಿನ ಕಿರಿಯರು ಆ ಲೆಕ್ಕದಲ್ಲೂ ತಪ್ಪು ಹುಡುಕಿ, ಗಾಳಿಯಲ್ಲಿ ತೇಲುವ ಧೂಳುಕಣಗಳ ಕಡೆ ಬೆರಳು ತೋರಿಸಿದರು. ದೊಡ್ಡವರ ಲೆಕ್ಕ ತಿದ್ದುವ ಹುಡುಗರು ಅದೇ ಊರಿನಲ್ಲಿ ಬೆಳೆದರಲ್ಲ, ಆ ಭಾಗ್ಯ ಯಾವ ಕಂಪನಿ ಕೊಡುತ್ತೋ?

ನರಸಿಂಹ ಅವರನ್ನು ನಾನು ಕಂಡವನಲ್ಲ. ನಾನು ಕಂಡ ಮೇಷ್ಟ್ರು ಬೇರೆ. ಕೊರಟಗೆರೆ ಕಡೆಯವರು, ಹೆಸರು ಬರೆಯೋದಿಲ್ಲ, ಅವರಿಗದು ಹಿಡಿಸದು. ಥರ್ಮೊಡೈನಮಿಕ್ಸ್ ಹೇಳುತ್ತಿದ್ದರು. ಹೆಂಡತಿ ಹಾಸಿಗೆ ಹಿಡಿದಿದ್ದರು, ಇಬ್ಬರು ಮಕ್ಕಳು ಸಣ್ಣವರು. ಸಂಜೆ ಐದಾದರೆ ಸೈಕಲ್ ಹತ್ತಿ ಮನೆ. ಡೌಟು ಕೇಳೋಕೆ ನಾವು ಮನೆಗೇ ಹೋಗುತ್ತಿದ್ದೆವು. ಮೊರದಲ್ಲಿ ಅಕ್ಕಿ ಕೇರುತ್ತಾ ಎಂಟ್ರೊಪಿ ಹೇಳಿದ್ದಾರೆ ಮಾರಾಯ! ಹಾರಿಬಿದ್ದ ಹೊಟ್ಟು ತೋರಿಸಿ, “ಇದನ್ನ ವಾಪಸ್ ಮೊರಕ್ಕೆ ಊದು ನೋಡೋಣ” ಅಂದಿದ್ದರು. ಮಗಳು ಪಕ್ಕದಲ್ಲೇ ಮಗ್ಗಿ ಬರೆಯುತ್ತಿದ್ದಳು. ಒಳಗಿನಿಂದ ಅಮ್ಮಾವರು ಕರೆದರೆ ವಾಕ್ಯ ಅರ್ಧಕ್ಕೆ ಬಿಟ್ಟು ಏಳೋರು, ಬಂದು ಬಿಟ್ಟ ಪದದಿಂದಲೇ ಶುರು ಮಾಡೋರು. ಹೊರಗೆ ಒಂದು ದೊಡ್ಡ ಕೆಲಸ ಬಂದಿತ್ತು ಅವರಿಗೆ. ಹೋಗಲಿಲ್ಲ. ನಾವೆಲ್ಲ ಪಾಪ ಅಂದುಕೊಂಡೆವು.

ನಾನು ಹೋದೆ. 1980ರಲ್ಲಿ ಗಲ್ಫಿಗೆ. ಹತ್ತೊಂಬತ್ತು ವರ್ಷ. ಈ ಮನೆ, ಬೋರ್‌ವೆಲ್, ನಿಮ್ಮ ಸೋದರತ್ತೆಯ ಮದುವೆ, ಎಲ್ಲ ಆ ದುಡ್ಡು. ಅದನ್ನು ಹೀಗಳೆದರೆ ಅನ್ನಕ್ಕೆ ದ್ರೋಹ. ಹೋದ ವಾರ ಟ್ರಂಕಿನಲ್ಲಿ ನಿಮ್ಮಕ್ಕನ ಅಂಕಪಟ್ಟಿಗಳು ಸಿಕ್ಕವು. ಒಂದನೇ ಕ್ಲಾಸಿನಿಂದ ಹತ್ತರವರೆಗೆ. ‘ಪೋಷಕರ ಸಹಿ’ ಅಂತ ಇರುವ ಕಡೆಯೆಲ್ಲ ನಿಮ್ಮಪ್ಪನ ರುಜು. ಒಂದೂ ನನ್ನದಲ್ಲ. ಏಳನೇ ಕ್ಲಾಸಿನಲ್ಲಿ ಗಣಿತಕ್ಕೆ ಮೂವತ್ತೆಂಟು ಬಂದಿತ್ತಂತೆ. ನನಗೆ ಗೊತ್ತೇ ಇರಲಿಲ್ಲ. ಥರ್ಮಲ್ ಸ್ಟೇಷನ್ನಿನಲ್ಲಿ ಬಾಯ್ಲರ್ ಲೆಕ್ಕ ಮಾಡುತ್ತಿದ್ದವನ ಮಗಳಿಗೆ ಭಿನ್ನರಾಶಿ ಹೇಳಿಕೊಟ್ಟವನು ರೇಷ್ಮೆ ಇಲಾಖೆಯ ಗುಮಾಸ್ತ, ನನ್ನ ತಮ್ಮ.

ನೀನಂತೀಯ, ಇಲ್ಲಿ ಏನಿದೆ, ಹುಡುಗರಿಗೆ ಆಸಕ್ತಿಯಿಲ್ಲ, ಲ್ಯಾಬಿನಲ್ಲಿ ಉಪಕರಣವಿಲ್ಲ. ನಾಚಿಕೆಯಾಗಬೇಕು ನಿನಗೆ! ಪಾವಗಡದ ತಿರುಮಣಿ ಕಡೆ ಹದಿಮೂರು ಸಾವಿರ ಎಕರೆಯಲ್ಲಿ ಸೋಲಾರ್ ಫಲಕ ಹಾಸಿದ್ದಾರೆ, ಎರಡು ಸಾವಿರ ಮೆಗಾವ್ಯಾಟ್. ಆ ಫಲಕದ ಮೇಲಿನ ಗಾಳಿ ರಾತ್ರಿ ಹೇಗೆ ತಣ್ಣಗಾಗುತ್ತೆ, ಪಕ್ಕದ ಹೊಲದ್ದು ಹೇಗೆ ಅಂತ ಒಬ್ಬ ಹುಡುಗನ ಕೈಗೆ ಥರ್ಮಾಮೀಟರ್ ಕೊಟ್ಟು ಕಳಿಸಿದ್ದೀಯಾ? ಪವರ್‌ಪಾಯಿಂಟ್ ಓದಿ ಹೇಳಿ, ಹಾಜರಿ ಹಾಕಿ, ಬಸ್ಸು ಹಿಡಿಯೋದು. ಅದಕ್ಕೆ ಇಷ್ಟು ಓದಬೇಕಿರಲಿಲ್ಲ, ನಿಜ.

ಜೋರಾಯಿತೇನೋ. ನಿಮ್ಮ ದೊಡ್ಡಮ್ಮ ಓದಿ, “ಮಗೂಗೆ ಹೀಗೆಲ್ಲ ಬರೀತಾರಾ” ಅಂದಳು. ಸಾಲ ಕುತ್ತಿಗೆಗೆ ಬಂದಿದ್ದರೆ ಹೋಗು, ಬೇಡ ಅನ್ನೋಕೆ ನಾನ್ಯಾರು. ನಾನೇ ಹೋದವನು. ಹೋಗುವ ಮುಂಚೆ ಒಂದು ಶನಿವಾರ ಬಾ. ಹೆಂಡತಿ, ಪಾಪು ಇಬ್ಬರನ್ನೂ ಕರೆದುಕೊಂಡು ಬಾ. ಮುದ್ದೆ, ಅವರೆಕಾಳು ಸಾರು. ಕಡ್ಲೆಕಾಯಿ ಕಿತ್ತಾಗಿದೆ, ಹೊಲ ಖಾಲಿ ಬಿದ್ದಿದೆ, ಈ ವಾರ ಮೋಡವಿಲ್ಲ. ಬರುವಾಗ ನಿನ್ನ ಲ್ಯಾಬಿನಿಂದ ಮೂರು ಥರ್ಮಾಮೀಟರ್ ತಾ, ನೆಲಕ್ಕೊಂದು, ಮೊಣಕಾಲಿಗೊಂದು, ಎದೆಮಟ್ಟಕ್ಕೊಂದು. ಕೋಲು ನಾನು ನೆಟ್ಟಿರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ