25 ಸಾವಿರದ ಬಟ್ಟೆ ತರುವ ಮೊದಲು

ನಮ್ಮ ಅಮ್ಮಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಾರೆ. ಅವರು ಹೊಲಿಯುವ ಟಿಫಿನ್ ಚೀಲಗಳನ್ನು ಆನ್‌ಲೈನ್‌ನಲ್ಲಿ ಮಾರಬೇಕೆಂದು ಕಳೆದ ರಜೆಯಲ್ಲಿ ಅಣ್ಣ ಹಟ ಹಿಡಿದ. ಒಂದೇ ಸಲ 25,000 ರೂಪಾಯಿಯ ಬಟ್ಟೆ ತಂದರೆ ಅಗ್ಗವಾಗುತ್ತದೆ ಎಂಬುದು ಅವನ ವಾದ. ಆ ಹಣ ನನ್ನ ಡಿಗ್ರಿ ಪ್ರವೇಶಕ್ಕೆಂದು ಅಮ್ಮಿ ಕೂಡಿಟ್ಟದ್ದು. ಹೀಗಾಗಿ ವಾಣಿಜ್ಯ ವಿಭಾಗದಲ್ಲಿ ಕಲಿತದ್ದನ್ನು ನಾನು ಮನೆಯಲ್ಲೇ ಪ್ರಯೋಗಿಸಬೇಕಾಯಿತು.

ಮಾಲು ತುಂಬಿಸುವ ಮೊದಲು ಗಿರಾಕಿ ಇದ್ದಾರೆಯೇ ಎಂದು ನೋಡುವುದು ಹೊಸ ವಿಚಾರವೇನಲ್ಲ. 1999ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಿಕ್ ಸ್ವಿನ್‌ಮರ್ನ್ ಎಂಬಾತ ಚಪ್ಪಲಿ, ಬೂಟುಗಳನ್ನು ಇಂಟರ್‌ನೆಟ್‌ನಲ್ಲಿ ಮಾರಲು ಹೊರಟಾಗ ಗೋದಾಮು ಕಟ್ಟಲಿಲ್ಲ. ಅಂಗಡಿಗಳಿಗೆ ಹೋಗಿ ಬೂಟುಗಳ ಫೋಟೊ ತೆಗೆದು ತನ್ನ ತಾಣದಲ್ಲಿ ಹಾಕಿದ. ಆರ್ಡರ್ ಬಂದಾಗ ಅದೇ ಅಂಗಡಿಯಿಂದ ಕೊಂಡು ಕಳುಹಿಸಿದ. ಅದರಲ್ಲಿ ಅವನಿಗೆ ಲಾಭವಿರಲಿಲ್ಲ. ಆದರೆ ಕಾಲಿಗೆ ಹಾಕಿ ನೋಡದೆಯೇ ಜನ ಬೂಟು ಕೊಳ್ಳುತ್ತಾರೆ ಎಂಬುದು ತಿಳಿಯಿತು. ಮುಂದೆ ಜಾಪೋಸ್ ಎಂದು ಹೆಸರಾದ ಆ ಕಂಪನಿಯನ್ನು 2009ರಲ್ಲಿ ಅಮೆಜಾನ್ ಕೊಂಡುಕೊಂಡಿತು.

ನಾವೂ ಹಾಗೆಯೇ ಮಾಡಿದೆವು. ಉಳಿದ ಬಟ್ಟೆಯಲ್ಲಿ ಅಮ್ಮಿ 5 ಚೀಲ ಹೊಲಿದರು. ಮೊದಲು ನಾನು ಫೋಟೊವನ್ನು ಬಂಧುಗಳ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿದೆ. 23 ಜನ ‘ಬಹಳ ಚೆನ್ನಾಗಿದೆ’ ಎಂದರು, ಕೊಂಡವರು ಯಾರೂ ಇಲ್ಲ. “ಚೆನ್ನಾಗಿದೆ ಅನ್ನೋಕೆ ದುಡ್ಡು ಬೇಡ ಬೇಟಾ” ಎಂದು ಅಮ್ಮಿ ನಕ್ಕರು. ನಮ್ಮವರನ್ನು ಕೇಳಿದ್ದೇ ತಪ್ಪು. ಮುಖ ನೋಡಿ ಮಾತಾಡುವವರಿಂದ ಮಾರುಕಟ್ಟೆ ತಿಳಿಯುವುದಿಲ್ಲ.

ಆಮೇಲೆ ಒಂದು ಮಾರಾಟ ತಾಣದಲ್ಲಿ 299 ರೂಪಾಯಿ ಬೆಲೆ ಹಾಕಿ, 500 ರೂಪಾಯಿಯ ಜಾಹೀರಾತು ಕೊಟ್ಟೆವು. ಅಪರಿಚಿತರಿಂದ 4 ಆರ್ಡರ್ ಬಂದವು. ಅಣ್ಣ ಆಗಲೇ ಬಟ್ಟೆ ಅಂಗಡಿಗೆ ಹೊರಡುವವನಿದ್ದ. ನಾನು ಲೆಕ್ಕದ ಪುಸ್ತಕ ತೆರೆದೆ. ಒಂದು ಚೀಲಕ್ಕೆ ಬಟ್ಟೆ, ಜಿಪ್, ದಾರ 95; ಅಮ್ಮಿಯ ಕೂಲಿ 60; ತಾಣದ ಕಮಿಷನ್ 45; ಕೊರಿಯರ್ 70; ಪ್ಯಾಕಿಂಗ್ 8. ಒಟ್ಟು 278. ಉಳಿಯುವುದು 21 ರೂಪಾಯಿ. (ಅಮ್ಮಿಯ ಕೂಲಿಯನ್ನು ಅಣ್ಣ ಲೆಕ್ಕಕ್ಕೇ ಹಿಡಿದಿರಲಿಲ್ಲ. ಮನೆಯವರ ದುಡಿಮೆ ಪುಕ್ಕಟೆ ಎಂದುಕೊಂಡರೆ ಯಾವ ವ್ಯಾಪಾರವೂ ಲಾಭದಂತೆಯೇ ಕಾಣುತ್ತದೆ.)

ನಾಲ್ಕರಲ್ಲಿ ಒಬ್ಬರು ಪಾರ್ಸೆಲ್ ಬಾಗಿಲಿಗೆ ಬಂದಾಗ ಬೇಡವೆಂದರು. ಹಣ ಆಮೇಲೆ ಕೊಡುವ ಆರ್ಡರ್ ಅದು. ಹೋಗಿ ಬರುವ ಕೊರಿಯರ್ 140, ಪ್ಯಾಕಿಂಗ್ 8 ನಮ್ಮ ಮೇಲೆಯೇ ಬಿತ್ತು. ಮೂರು ಚೀಲದಿಂದ ಬಂದದ್ದು 63. ಜಾಹೀರಾತನ್ನೂ ಸೇರಿಸಿದರೆ ನಷ್ಟ 585 ರೂಪಾಯಿ. ಒಂದು ಆರ್ಡರ್ ತರಲು 125 ರೂಪಾಯಿಯ ಜಾಹೀರಾತು, ಅದರಿಂದ ಉಳಿಯುವುದು 21. ಇದೇ ರೀತಿ ನಡೆದರೆ ಹೆಚ್ಚು ಮಾರಿದಷ್ಟೂ ಹೆಚ್ಚು ನಷ್ಟ. 25,000 ಹಾಕಿ ತಿಳಿಯಬೇಕಿದ್ದನ್ನು 585ಕ್ಕೆ ತಿಳಿದೆವು.

ಆದರೆ ಕೊಂಡ ಮೂವರಲ್ಲಿ ಇಬ್ಬರು ಇನ್ನೊಂದು ಮಗುವಿಗೂ ಚೀಲ ಬೇಕು ಎಂದು ಸಂದೇಶ ಕಳುಹಿಸಿದ್ದರು. ಎರಡು ಚೀಲ ಒಂದೇ ಪಾರ್ಸೆಲ್‌ನಲ್ಲಿ ಹೋದರೆ ಕೊರಿಯರ್ 80ರಲ್ಲಿ ಮುಗಿಯುತ್ತದೆ. ಜೋಡಿಗೆ 549 ಬೆಲೆ ಇಟ್ಟರೆ, ಚೀಲಗಳಿಗೆ 310, ಕಮಿಷನ್ 82, ಪ್ಯಾಕಿಂಗ್ 10 ಕಳೆದು 67 ಉಳಿಯುತ್ತದೆ.

ಈಗ ಜೋಡಿ ಚೀಲವನ್ನು ಹಾಕಿದ್ದೇವೆ. ಹಣ ಮುಂಗಡ. ಆರ್ಡರ್ ಬಂದ ಮೇಲೆ ಹೊಲಿಯುವುದರಿಂದ 7 ದಿನ ಬೇಕು, ತಡವಾದರೆ ಹಣ ವಾಪಸ್ ಎಂದು ಸ್ಪಷ್ಟವಾಗಿ ಬರೆದಿದ್ದೇವೆ. ಇಲ್ಲದ ಮಾಲನ್ನು ಇದೆ ಎಂದು ತೋರಿಸಲು ಅಮ್ಮಿ ಒಪ್ಪಲಿಲ್ಲ. ಮತ್ತೆ 500 ರೂಪಾಯಿಯ ಜಾಹೀರಾತು. 10 ಆರ್ಡರ್ ಬಂದರೆ ಜಾಹೀರಾತಿನ ಖರ್ಚು ಆರ್ಡರಿಗೆ 50 ಆಗಿ, 17 ರೂಪಾಯಿ ಕೈಯಲ್ಲಿ ಉಳಿಯುತ್ತದೆ. ಅಷ್ಟು ಬಾರದಿದ್ದರೆ ಬಟ್ಟೆ ತರುವುದಿಲ್ಲ ಎಂದು ಅಣ್ಣನಿಂದ ಮೊದಲೇ ಮಾತು ತೆಗೆದುಕೊಂಡಿದ್ದೇನೆ. ಇದನ್ನು ಬರೆಯುವ ಹೊತ್ತಿಗೆ 6 ಬಂದಿವೆ. ಇನ್ನು 5 ದಿನ ಬಾಕಿ.