ಭರಣಿಯನ್ನು ಯಾರಿಗಾಗಿ ತುಂಬುತ್ತೇವೆ?

ಮೇ ತಿಂಗಳು ಬಂದಿತೆಂದರೆ ಕರಾವಳಿಯ ನಮ್ಮ ಮನೆಗಳ ಅಂಗಳದಲ್ಲಿ ಹಲಸಿನ ಮೇಣದ ವಾಸನೆ. ಗೋಣಿಚೀಲ ಹಾಸಿ, ಕತ್ತಿಗೂ ಕೈಗೂ ತೆಂಗಿನೆಣ್ಣೆ ಹಚ್ಚಿಕೊಂಡು, ಮನೆಮಂದಿಯೆಲ್ಲ ಸುತ್ತ ಕುಳಿತು ಸೊಳೆ ಬಿಡಿಸುವ ಕಾಲ ಅದು. ಈಗ ಹಲವು ಮನೆಗಳಲ್ಲಿ ಹಾಗಿಲ್ಲ. ಹಲಸು ಮರದಲ್ಲೇ ಹಣ್ಣಾಗಿ ಬಿದ್ದು ಕೊಳೆಯುತ್ತದೆ, ನೊಣ ಮುತ್ತುತ್ತದೆ. ಅದೇ ಮನೆಯವರು ಜುಲೈ ತಿಂಗಳ ಜಡಿಮಳೆಯಲ್ಲಿ ಕೊಡೆ ಹಿಡಿದು ಪೇಟೆಗೆ ಹೋಗಿ, ಘಟ್ಟದ ಮೇಲಿನಿಂದ ಬಂದ ಬೀನ್ಸು, ಕೋಸುಗಳನ್ನು ಕೇಳಿದ ಬೆಲೆ ಕೊಟ್ಟು ತರುತ್ತಾರೆ.

ಪ್ರಿಯ ಓದುಗರೇ, ಮನೆಯ ಹಿತ್ತಿಲಲ್ಲಿ ದೇವರು ಕೊಟ್ಟದ್ದನ್ನು ಕೆಡದಂತೆ ಕಾಪಾಡುವುದು ಹೇಗೆ, ಕಾಪಾಡಿದ ಮೇಲೆ ಅದನ್ನು ಏನು ಮಾಡಬೇಕು ಎಂಬುದನ್ನು ಈ ವಾರ ವಿಚಾರ ಮಾಡೋಣ. ಇದು ಅಡುಗೆಮನೆಯ ವಿಷಯವೆಂದು ಗಂಡಸರು ಪುಟ ತಿರುಗಿಸಬಾರದು. ಮರದಿಂದ ಹಲಸು ಇಳಿಸುವವರು ನೀವೇ ತಾನೇ?

ಉಪ್ಪಿನ ಸೊಳೆ

ತುಳುವಿನಲ್ಲಿ ಇದನ್ನು ಉಪ್ಪಡ್ ಪಚ್ಚಿಲ್ ಎನ್ನುತ್ತಾರೆ. ಇದಕ್ಕೆ ಹಣ್ಣಾದ ಹಲಸು ಆಗದು, ಎಳೆಯ ಗುಜ್ಜೆಯೂ ಆಗದು. ಚೆನ್ನಾಗಿ ಬಲಿತು ಇನ್ನೂ ಹಣ್ಣಾಗದ ಕಾಯಿ ಬೇಕು. ತುಳುವ ಹಲಸಿಗಿಂತ ಬಕ್ಕೆ ಹಲಸಿನ ಸೊಳೆ ಗಟ್ಟಿಯಾಗಿ ನಿಲ್ಲುತ್ತದೆ. ಕಾಯಿಯನ್ನು ಸೀಳಿ, ಗೂಂಜು ತೆಗೆದು, ಒಸರುವ ಮೇಣವನ್ನು ತೆಂಗಿನ ನಾರಿನಿಂದ ಒರೆಸಿ, ಸೊಳೆ ಬಿಡಿಸಿ, ಬೀಜವನ್ನೂ ನಾರನ್ನೂ ಬೇರೆ ಮಾಡಬೇಕು. ಸೊಳೆಗೆ ನೀರು ತಾಗಿಸಬಾರದು.

ಐದು ಕಿಲೋ ಸೊಳೆಗೆ ಒಂದು ಕಿಲೋ ಕಲ್ಲುಪ್ಪು ಎಂಬುದು ನಮ್ಮ ಮನೆಯ ಲೆಕ್ಕ. ಚೆನ್ನಾಗಿ ತೊಳೆದು ಬಿಸಿಲಿನಲ್ಲಿ ಒಣಗಿಸಿದ ಭರಣಿಯ ತಳಕ್ಕೆ ಉಪ್ಪು, ಮೇಲೆ ಸೊಳೆ, ಮತ್ತೆ ಉಪ್ಪು, ಮತ್ತೆ ಸೊಳೆ, ಹೀಗೆ ಪದರ ಪದರವಾಗಿ ಒತ್ತಿ ತುಂಬಿ, ಕೊನೆಗೆ ಉಪ್ಪಿನಿಂದಲೇ ಮುಚ್ಚಬೇಕು. ಅದರ ಮೇಲೆ ಒಂದು ಪಿಂಗಾಣಿ ತಟ್ಟೆ, ತಟ್ಟೆಯ ಮೇಲೆ ತೊಳೆದು ಒಣಗಿಸಿದ ಹೊಳೆಕಲ್ಲು. ಬಾಯಿಗೆ ಬಟ್ಟೆ ಕಟ್ಟಿ ಮುಚ್ಚಳ ಹಾಕಿ ಕತ್ತಲೆಯ ಮೂಲೆಯಲ್ಲಿಡಿ. ಅಲ್ಯೂಮಿನಿಯಂ ಪಾತ್ರೆ ಖಂಡಿತ ಬೇಡ. ಉಪ್ಪು ಅದನ್ನು ತಿನ್ನುತ್ತದೆ.

ಎರಡು ಮೂರು ದಿನಗಳಲ್ಲಿ ಸೊಳೆಯೇ ನೀರು ಬಿಡುತ್ತದೆ. ಉಪ್ಪು ಮಾಡುವ ಕೆಲಸವೇ ಅದು. ಸೊಳೆಯೊಳಗಿನ ನೀರನ್ನು ಹೊರಗೆಳೆಯುತ್ತದೆ. ಆಹಾರ ಕೊಳೆಸುವ ಸೂಕ್ಷ್ಮಜೀವಿಗಳ ಮೈಯ ನೀರನ್ನೂ ಹಾಗೆಯೇ ಎಳೆದು ಅವು ಬೆಳೆಯದಂತೆ ತಡೆಯುತ್ತದೆ. ಆದ್ದರಿಂದ ಉಪ್ಪಿನಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಸೊಳೆಯೆಲ್ಲ ಉಪ್ಪುನೀರಿನೊಳಗೆ ಮುಳುಗಿರಬೇಕು. ಗಾಳಿಗೆ ತಲೆಯೆತ್ತಿದ ಒಂದು ಸೊಳೆ ಸಾಕು, ಅಲ್ಲಿಂದಲೇ ಬೂಷ್ಟು ಶುರು. ನೀರು ಸಾಲದಿದ್ದರೆ ಗಟ್ಟಿಯಾಗಿ ಉಪ್ಪು ಹಾಕಿ ಕುದಿಸಿ ಪೂರಾ ಆರಿಸಿದ ನೀರನ್ನು ಸೇರಿಸಿ. ತೆಗೆಯುವಾಗ ಒಣಗಿದ ಮರದ ಸೌಟು ಬೇಕು, ಒಣಗಿದ ಕೈ ಬೇಕು. ಈ ಒಂದು ಮಾತನ್ನು ನಾನು ಎಷ್ಟು ಕಷ್ಟದಿಂದ ಕಲಿತೆನೆಂದು ಮುಂದೆ ಹೇಳುತ್ತೇನೆ.

ಗುರುಗಳು ಪ್ರಬೋಧನೆಯಲ್ಲಿ ನೀವು ಧರೆಗೆ ಉಪ್ಪು ಎಂಬ ವಾಕ್ಯವನ್ನು ವಿವರಿಸುವಾಗ ರುಚಿಯ ಮಾತನ್ನೇ ಹೆಚ್ಚಾಗಿ ಆಡುತ್ತಾರೆ. ಯೇಸುಸ್ವಾಮಿಯ ಶಿಷ್ಯರಲ್ಲಿ ಕೆಲವರು ಗಲಿಲೇಯ ಸರೋವರದ ಬೆಸ್ತರು. ಉಪ್ಪು ಎಂದ ಕೂಡಲೇ ಅವರಿಗೆ ರುಚಿಯ ಜೊತೆಗೆ ಕೆಡದಂತೆ ಇಟ್ಟ ಮೀನಿನ ನೆನಪೂ ಬಂದಿರಬೇಕು ಎಂದು ನನಗೆ ಅನ್ನಿಸುತ್ತದೆ.

ಒಂದು ಎಚ್ಚರಿಕೆ. ದಿನಕ್ಕೆ ಒಬ್ಬರಿಗೆ ಐದು ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚಕ್ಕೆ ಮೀರದಷ್ಟು ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಸೊಳೆಯನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ಹಾಕಿ, ಎರಡು ಮೂರು ಸಲ ನೀರು ಬದಲಾಯಿಸಿ, ಗಟ್ಟಿಯಾಗಿ ಹಿಂಡಿಯೇ ಅಡುಗೆಗೆ ಬಳಸಬೇಕು. ರಕ್ತದೊತ್ತಡ ಇರುವ ಹಿರಿಯರಿಗೆ ಇದು ಅಪರೂಪದ ರುಚಿಯಾಗಿರಲಿ, ದಿನನಿತ್ಯದ ಪದಾರ್ಥವಾಗದಿರಲಿ.

ಹಿತ್ತಿಲಿನ ಉಳಿದ ವಸ್ತುಗಳು

ಕಾಟುಮಾವಿನಕಾಯಿಯನ್ನು ಪೆಟ್ಟಾಗದಂತೆ ಕೊಯ್ದು, ತೊಟ್ಟು ಸ್ವಲ್ಪ ಉಳಿಸಿ, ತೊಳೆದು ಒರೆಸಿ, ಲೀಟರ್ ನೀರಿಗೆ ಕಾಲು ಕಿಲೋ ಉಪ್ಪು ಹಾಕಿ ಕುದಿಸಿ ಆರಿಸಿದ ನೀರಿನಲ್ಲಿ ಮುಳುಗಿಸಿಟ್ಟರೆ ಮಳೆಗಾಲವಿಡೀ ಗಂಜಿಗೆ ಚಿಂತೆಯಿಲ್ಲ. ಪುನರ್ಪುಳಿಯ ಸಿಪ್ಪೆ ಬಿಸಿಲಿನಲ್ಲಿ ಒಣಗಿದರೆ ವರ್ಷದ ಸಾರಿಗಾಯಿತು. ಹಲಸಿನ ಬೀಜಕ್ಕೆ ಕೆಮ್ಮಣ್ಣು ಬಳಿದು ಒಣಗಿಸಿಡುತ್ತಿದ್ದರು. ಮರಳಿನಲ್ಲಿ ಹೂತಿಡುವುದೂ ಉಂಟು. ಬಣ್ಣದ ಸೌತೆಕಾಯಿಗಳನ್ನು ಬಾಳೆಯ ನಾರಿನಿಂದ ಕಟ್ಟಿ ಅಟ್ಟದ ತೊಲೆಗೆ ಸಾಲಾಗಿ ನೇತುಹಾಕುವುದನ್ನು ನಮ್ಮಲ್ಲಿ ಹಲವರು ಬಾಲ್ಯದಲ್ಲಿ ನೋಡಿದ್ದೀರಿ. ಒಂದಕ್ಕೊಂದು ತಾಗದೆ ಗಾಳಿಯಾಡುವುದರಿಂದ ಅವು ತಿಂಗಳುಗಟ್ಟಲೆ ಉಳಿಯುತ್ತವೆ. ಇದಕ್ಕೆ ಉಪ್ಪೂ ಬೇಡ, ಸೌದೆಯೂ ಬೇಡ.

ಇತ್ತೀಚೆಗೆ ಕೆಲವರು ತರಕಾರಿಯನ್ನು ಬೇಯಿಸಿ ಬಾಟಲಿಯಲ್ಲಿ ತುಂಬಿ, ಗಾಳಿಯಾಡದಂತೆ ಮುಚ್ಚಿ, ಕುದಿಯುವ ನೀರಿನಲ್ಲಿಟ್ಟು ತೆಗೆದು ತಿಂಗಳುಗಟ್ಟಲೆ ಇಡುವ ಪ್ರಯೋಗ ಮಾಡುತ್ತಿದ್ದಾರೆ. ಹುಳಿಯಿರುವ ಮಾವು, ಪುನರ್ಪುಳಿ, ಬಿಂಬುಳಿಗಳಿಗೆ ಇದು ನಡೆದೀತು. ಹುಳಿಯಿಲ್ಲದ ಬೀನ್ಸು, ಅಣಬೆ, ಬೇಯಿಸಿದ ಹಲಸಿನ ಬೀಜಗಳಿಗೆ ಇದು ಅಪಾಯಕರ. ಬಾಟುಲಿನಂ ಎಂಬ ಬ್ಯಾಕ್ಟೀರಿಯದ ಬೀಜಕಣಗಳು ಸಾಮಾನ್ಯ ಕುದಿತಕ್ಕೆ ಸಾಯುವುದಿಲ್ಲ. ಗಾಳಿಯಿಲ್ಲದ, ಹುಳಿಯಿಲ್ಲದ ಬಾಟಲಿಯೊಳಗೆ ಅವು ಬೆಳೆದು ಮಾರಕ ವಿಷ ಉಂಟುಮಾಡುತ್ತವೆ. ವಾಸನೆಯಿಂದಾಗಲಿ ರುಚಿಯಿಂದಾಗಲಿ ಅದು ತಿಳಿಯದೇ ಹೋಗಬಹುದು. ನಮ್ಮ ಹಿರಿಯರು ಉಪ್ಪು, ಹುಳಿ, ಬಿಸಿಲು ಈ ಮೂರನ್ನೇ ನಂಬಿದ್ದರು. ನಾವೂ ಅಷ್ಟಕ್ಕೇ ನಿಂತರೆ ಕ್ಷೇಮ.

ಕೂಡಿಡುವುದು ಪಾಪವೇ?

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಒಮ್ಮೆ ಧರ್ಮಶಿಕ್ಷಣದ ತರಗತಿಯಲ್ಲಿ ಒಬ್ಬ ಹುಡುಗಿ ನನ್ನನ್ನು ಕೇಳಿದಳು: "ಟೀಚರ್, ಅನುದಿನದ ಆಹಾರವನ್ನು ಇಂದು ಕೊಡು ಎಂದು ಪ್ರಾರ್ಥಿಸುತ್ತೇವೆ. ಮತ್ತೆ ಅಮ್ಮ ಆರು ತಿಂಗಳಿಗೆ ಉಪ್ಪಿನಕಾಯಿ ಹಾಕುವುದೇಕೆ?" ತರಗತಿ ನಕ್ಕಿತು. ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ.

ವಿಮೋಚನಾಕಾಂಡದ 16ನೇ ಅಧ್ಯಾಯವನ್ನು ತೆರೆಯಿರಿ. ಮರಳುಗಾಡಿನಲ್ಲಿ ಮನ್ನಾ ಸುರಿಯಿತು. ಬೆಳಿಗ್ಗೆಯವರೆಗೆ ಇಡಬಾರದೆಂದು ಮೋಶೆ ಹೇಳಿದರೂ ಕೆಲವರು ಕೇಳಲಿಲ್ಲ. ಇಟ್ಟ ಮನ್ನಾದಲ್ಲಿ ಹುಳು ಬಿದ್ದು ನಾತ ಹೊಡೆಯಿತು. ಇಲ್ಲಿಗೆ ನಿಲ್ಲಿಸಿದರೆ ಕೂಡಿಡುವುದೇ ತಪ್ಪು ಎಂದಾಗುತ್ತದೆ. ಆದರೆ ಮುಂದೆ ಓದಿ. ಆರನೆಯ ದಿನ ಸಬ್ಬತ್ತಿಗಾಗಿ ಎರಡರಷ್ಟು ಕೂಡಿಸಿ ಮರುದಿನಕ್ಕೆ ಇಟ್ಟಾಗ ಅದೇ ಮನ್ನಾ ಕೆಡಲಿಲ್ಲ. ಕೊನೆಯಲ್ಲಿ ಒಂದು ಅಳತೆ ಮನ್ನಾವನ್ನು ಪಾತ್ರೆಯಲ್ಲಿ ಹಾಕಿ ಮುಂದಿನ ಸಂತತಿಗಳಿಗಾಗಿ ದೇವರ ಸನ್ನಿಧಿಯಲ್ಲಿ ಇಡುವಂತೆಯೂ ಅಪ್ಪಣೆಯಾಯಿತು. ನಾಳೆ ದೇವರು ಕೊಡುವನೋ ಇಲ್ಲವೋ ಎಂಬ ಅಪನಂಬಿಕೆಯಿಂದ ಇಟ್ಟದ್ದು ಕೆಟ್ಟಿತು. ದೇವರ ಮಾತಿನಂತೆ ಇಟ್ಟದ್ದು ಉಳಿಯಿತು.

ಜೋಸೆಫನ ಕಥೆ ಎಲ್ಲರಿಗೂ ಗೊತ್ತು. ಏಳು ಸಮೃದ್ಧಿಯ ವರ್ಷಗಳಲ್ಲಿ ಬೆಳೆಯ ಐದನೆಯ ಒಂದು ಪಾಲನ್ನು ಈಜಿಪ್ಟಿನ ಪಟ್ಟಣಗಳಲ್ಲಿ ಸಂಗ್ರಹಿಸಿಟ್ಟ. ಅದರಿಂದ ಒಂದು ದೇಶವೇ ಬದುಕಿತು, ತನ್ನನ್ನು ಮಾರಿದ ಅಣ್ಣಂದಿರೂ ಉಂಡರು. ಆದರೆ ಆದಿಕಾಂಡದ 47ನೇ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಓದುವುದಿಲ್ಲ. ಕ್ಷಾಮ ಮುಂದುವರಿದಾಗ ಜನರು ಅದೇ ಧಾನ್ಯಕ್ಕಾಗಿ ಮೊದಲು ಹಣವನ್ನು, ಆಮೇಲೆ ದನಕರುಗಳನ್ನು, ಕೊನೆಗೆ ಭೂಮಿಯನ್ನೂ ತಮ್ಮನ್ನೇ ತಾವೂ ಫರೋಹನಿಗೆ ಒಪ್ಪಿಸಬೇಕಾಯಿತು. ಕಣಜದ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದು ಸಣ್ಣ ಮಾತಲ್ಲ. ಮನೆಯ ಉಗ್ರಾಣದಲ್ಲೂ ಅಷ್ಟೇ. ಅತ್ತೆ ಭರಣಿಗೆ ಬೀಗ ಹಾಕಿ ಸೊಸೆ ಬರಿಯ ಗಂಜಿ ಉಂಡ ಮನೆಗಳನ್ನು ನಾವು ಕಂಡಿಲ್ಲವೇ?

ಲೂಕನ ಶುಭಸಂದೇಶದ 12ನೇ ಅಧ್ಯಾಯದ ಧನಿಕನ ತಪ್ಪಾದರೂ ಏನು? ಅವನು ಕದಿಯಲಿಲ್ಲ, ಕೂಲಿ ತಪ್ಪಿಸಿದನೆಂದೂ ಬರೆದಿಲ್ಲ. ಅವನ ಹೊಲ ಚೆನ್ನಾಗಿ ಬೆಳೆಯಿತು, ದೊಡ್ಡ ಕಣಜ ಕಟ್ಟಲು ಯೋಚಿಸಿದ. ಆ ಸಾಮತಿಯನ್ನು ನಿಧಾನವಾಗಿ ಓದಿ ನೋಡಿ: ಅವನು ಮಾತಾಡುವುದು ತನ್ನೊಡನೆ ಮಾತ್ರ. ನನ್ನ ಬೆಳೆ, ನನ್ನ ಕಣಜ, ನನ್ನ ಸೊತ್ತು. ಹೆಂಡತಿ ಇಲ್ಲ, ನೆರೆಯವರಿಲ್ಲ, ಆಳುಗಳಿಲ್ಲ, ದೇವರೂ ಇಲ್ಲ.

ನಾನು ಹೇಳಿದ ಸುಳ್ಳು

ಇಷ್ಟೆಲ್ಲ ಬರೆಯುವ ಅಧಿಕಾರ ನನಗಿದೆಯೇ ಎಂದು ಕೇಳಿಕೊಂಡಾಗ ಒಂದು ಮಳೆಗಾಲ ನೆನಪಾಗುತ್ತದೆ. ಮದುವೆಯಾಗಿ ಬಂದು ಐದಾರು ವರ್ಷ ಆಗಿತ್ತು. ಅತ್ತೆ ತೀರಿಕೊಂಡ ಬಳಿಕ ನಾನೊಬ್ಬಳೇ ಹಾಕಿದ ಮೊದಲ ಭರಣಿ. ಜುಲೈ ತಿಂಗಳ ಒಂದು ಸಂಜೆ ಪಕ್ಕದ ಮನೆಯ ಅಕ್ಕ ಗೊರಬೆ ಹೊದ್ದು ಹಿಂಬಾಗಿಲಿಗೆ ಬಂದರು. ಅವರ ಗಂಡನಿಗೆ ಕೂಲಿಯಿಲ್ಲದೆ ವಾರವಾಗಿತ್ತು. "ಬಾಯಮ್ಮ, ಒಂದು ಮುಷ್ಟಿ ಉಪ್ಪಿನ ಸೊಳೆ ಉಂಟಾ? ಮಕ್ಕಳಿಗೆ ಗಂಜಿಗೆ ಏನೂ ಇಲ್ಲ" ಎಂದರು.

ಭರಣಿ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. "ಮುಗಿಯಿತಲ್ಲ ಅಕ್ಕ" ಎಂದೆ. ಏಕೆ ಹಾಗೆ ಹೇಳಿದೆನೆಂದು ಇಂದಿಗೂ ಸರಿಯಾಗಿ ಗೊತ್ತಿಲ್ಲ. ತೆನೆ ಹಬ್ಬಕ್ಕೆ ಗಂಡನ ಅಕ್ಕತಂಗಿಯರು ಬರುತ್ತಾರೆ, ಅವರೆದುರು ಕೊರತೆ ಕಾಣಬಾರದು ಎಂಬ ಹೆದರಿಕೆ ಇತ್ತು. ಅಕ್ಕ "ಆಗಲಿ ಬಾಯಮ್ಮ" ಎಂದು ಹೊರಟುಹೋದರು.

ಸಪ್ಟೆಂಬರಿನಲ್ಲಿ ಕನ್ಯಾಮರಿಯಮ್ಮನ ನವೇನ ನಡೆಯುತ್ತಿದ್ದಾಗ ಭರಣಿ ತೆರೆದರೆ ಮೇಲೆಲ್ಲ ಹಸಿರು ಬೂಷ್ಟು, ಕೆಳಗೆ ಕೊಳೆತ ಸೊಳೆ. ಎಲ್ಲವನ್ನೂ ತೆಂಗಿನ ಬುಡದಿಂದ ದೂರ ಗುಂಡಿ ತೋಡಿ ಸುರಿದೆ. ಇದನ್ನು ದೇವರ ಶಿಕ್ಷೆ ಎಂದು ನಾನು ಹೇಳುವುದಿಲ್ಲ. ಅದು ಒದ್ದೆ ಸೌಟಿನ ಫಲ, ಉಪ್ಪೂ ಕಡಿಮೆಯಾಗಿತ್ತು. ಆದರೆ ಕೊಟ್ಟಿದ್ದರೆ ಆ ಮಕ್ಕಳ ಹೊಟ್ಟೆಗೆ ಹೋಗುತ್ತಿದ್ದ ಅನ್ನ ಅದು. ಆಹಾರ ಎಸೆಯುವುದೆಂದರೆ ಬಡವರ ಮೇಜಿನಿಂದ ಕದ್ದಂತೆ ಎಂಬ ಅರ್ಥದ ಮಾತನ್ನು ಪೋಪ್ ಫ್ರಾನ್ಸಿಸ್‌ರವರು 2015ರ 'ಲೌದಾತೊ ಸೀ' ವಿಶ್ವಪತ್ರದಲ್ಲಿ ಬರೆದಿದ್ದಾರೆ. ಅದನ್ನು ಓದಿದಾಗ ನನಗೆ ಕಣ್ಣಿಗೆ ಕಂಡದ್ದು ಆ ಗುಂಡಿ.

ಹಬ್ಬದ ಮುಂಚೆ ಪಾಪನಿವೇದನೆಗೆ ಹೋದೆ. ಗುರುಗಳು ಪ್ರಾಯಶ್ಚಿತ್ತವಾಗಿ ಜಪಸರ ಹೇಳಿರೆಂದು ಹೇಳಲಿಲ್ಲ. ಅವರ ಮನೆಗೆ ಹೋಗಿ ಎಂದರು. ಹೋದೆ. ಹೊಸ ಅಕ್ಕಿಯ ಪಾಯಸ ಒಂದು ಪಾತ್ರೆಯಲ್ಲಿ ತೆಗೆದುಕೊಂಡು ಹೋಗಿ ಅಂಗಳದಲ್ಲೇ ನಿಂತು, ಅಂದು ಸೊಳೆ ಇತ್ತು, ನಾನು ಸುಳ್ಳು ಹೇಳಿದೆ ಎಂದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿತ್ತು ಬಾಯಮ್ಮ. ಮರುದಿನ ನೀವು ಸೊಳೆ ನೀರಿಗೆ ಹಾಕಿದ್ದು ವಾಸನೆ ಬಂತಲ್ಲ" ಎಂದರು. ಬೇಲಿಯಾಚೆಗೆ ಆ ವಾಸನೆ ಹೋಗುವುದು ನನಗೆ ಹೊಳೆದೇ ಇರಲಿಲ್ಲ.

ಮಾರಿಯಾಳ ಮಡಕೆ

ಮೇ 15 ಸಂತ ಇಸಿದೋರರ ಹಬ್ಬ. 12ನೇ ಶತಮಾನದಲ್ಲಿ ಸ್ಪೇನ್ ದೇಶದ ಮಾಡ್ರಿಡ್ ಬಳಿ ಇನ್ನೊಬ್ಬರ ಹೊಲದಲ್ಲಿ ದುಡಿಯುತ್ತಿದ್ದ ಕೂಲಿಯಾಳು ಅವರು. 1622ರಲ್ಲಿ ಇಗ್ನೇಷಿಯಸ್ ಲೊಯೋಲ, ಫ್ರಾನ್ಸಿಸ್ ಜೇವಿಯರ್, ಆವಿಲಾದ ತೆರೇಸಾ, ಫಿಲಿಪ್ ನೇರಿ ಇವರೊಡನೆ ಒಂದೇ ದಿನ ಸಂತ ಪದವಿಗೇರಿದರು. ಅವರ ಪತ್ನಿ ಮಾರಿಯಾ ಒಲೆಯ ಮೇಲೆ ಯಾವಾಗಲೂ ಒಂದು ಮಡಕೆ ಸಾರು ಇಟ್ಟಿರುತ್ತಿದ್ದಳಂತೆ, ಗಂಡ ಹಸಿದವರನ್ನು ಕರೆತರುತ್ತಾನೆಂದು. ಒಮ್ಮೆ ಮಡಕೆ ಬರಿದಾದ ಮೇಲೆ ಒಬ್ಬ ಭಿಕ್ಷುಕ ಬಂದ. ಇಲ್ಲವೆಂದು ತೋರಿಸಲು ಹೋದವಳಿಗೆ ಮಡಕೆ ತುಂಬಿರುವುದು ಕಂಡಿತು ಎಂದು ಐತಿಹ್ಯ ಹೇಳುತ್ತದೆ. ನನಗೆ ಆ ಪವಾಡಕ್ಕಿಂತ ಅವಳು ದಿನವೂ ಒಬ್ಬಿಬ್ಬರಿಗೆ ಹೆಚ್ಚಾಗಿ ಬೇಯಿಸುತ್ತಿದ್ದಳು ಎಂಬುದೇ ದೊಡ್ಡದಾಗಿ ಕಾಣುತ್ತದೆ. ಸೌದೆ ಒಟ್ಟಿ, ತರಕಾರಿ ಹೆಚ್ಚಿ, ಮಡಕೆ ತೊಳೆದವಳು ಅವಳೇ ತಾನೇ.

ಈಗ ನಮ್ಮ ಮನೆಯಲ್ಲಿ ಮೇ 15ರ ಆಸುಪಾಸಿಗೆ ಎರಡು ಭರಣಿ ತುಂಬುತ್ತೇವೆ. ಚಿಕ್ಕದು ನೆರೆಯವರದು. ಅದಕ್ಕೆ ಬೀಗವಿಲ್ಲ, ಹಿಂಬಾಗಿಲ ಬಳಿಯೇ ಇರುತ್ತದೆ, ಒಣಗಿದ ಸೌಟು ಪಕ್ಕದಲ್ಲೇ ನೇತಾಡುತ್ತದೆ. ಮೇಣ ಒರೆಸುವುದು ನನ್ನ ಗಂಡನ ಕೆಲಸ, ಬೀಜ ಬಿಡಿಸುವುದು ಮಕ್ಕಳದ್ದು; ಜಪಸರ ಮುಗಿಸಿಯೇ ಕುಳಿತುಕೊಳ್ಳುತ್ತೇವೆ. ತಮ್ಮಲ್ಲಿ ಮರವಿಲ್ಲದ ಅಕ್ಕನ ಸೊಸೆಯೂ ಬಂದು ಕೂರುತ್ತಾಳೆ, ತನ್ನ ಪಾಲನ್ನು ಒಯ್ಯುತ್ತಾಳೆ.

ಆ ಅಕ್ಕ ಕಲಿಸಿದ ಪಲ್ಯವನ್ನೂ ಬರೆದುಬಿಡುತ್ತೇನೆ. ನೆನೆಸಿ ಹಿಂಡಿದ ನಾಲ್ಕು ಹಿಡಿ ಸೊಳೆಯನ್ನು ಸಣ್ಣಗೆ ಹೆಚ್ಚಿ, ಸ್ವಲ್ಪ ಬೆಲ್ಲ ಹಾಕಿ ಮೆತ್ತಗೆ ಬೇಯಿಸಿ. ಅರ್ಧ ಕಡಿ ತೆಂಗಿನತುರಿ, ನಾಲ್ಕು ಒಣಮೆಣಸು, ಅರ್ಧ ಚಮಚ ಜೀರಿಗೆ, ಚಿಟಿಕೆ ಅರಸಿನ, ಎರಡೆಸಳು ಬೆಳ್ಳುಳ್ಳಿ ಇವನ್ನು ನೀರಿಲ್ಲದೆ ತರಿತರಿಯಾಗಿ ಅರೆದು ಸೇರಿಸಿ, ಮುಚ್ಚಿ ಸಣ್ಣ ಉರಿಯಲ್ಲಿ ಐದು ನಿಮಿಷ ಇಡಿ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ. ಉಪ್ಪನ್ನು ಮಾತ್ರ ರುಚಿ ನೋಡದೆ ಹಾಕಬೇಡಿ. ಸೊಳೆಯಲ್ಲಿ ಉಳಿದಿರುವುದೇ ಸಾಕಾಗುತ್ತದೆ.